ಮುಳ್ಳುಗಿಡದ ಪಟ್ಟಾಭಿಷೇಕ: ಸರ್ವಾಧಿಕಾರಿಯ ಉದಯವನ್ನು ಹೇಳಿದ ರೂಪಕಕಥೆಗಳು

ಅಯೋಗ್ಯನೊಬ್ಬನು ಜನರ ಒಪ್ಪಿಗೆಯಿಂದಲೇ ಅಧಿಕಾರದ ಪೀಠವನ್ನೇರುವ ಬಗೆಯನ್ನು ಕಥೆಯ ಮರೆಯಲ್ಲಿ ಹೇಳಿದವರೊಳಗೆ ಅತಿ ಪ್ರಾಚೀನರಾದವರಲ್ಲಿ ಗಿದ್ಯೋನನ ಕಿರಿಯ ಮಗನಾದ ಯೋತಾಮನು ಒಬ್ಬನು. ನ್ಯಾಯಸ್ಥಾಪಕರ ಪುಸ್ತಕದ 9ನೆಯ ಅಧ್ಯಾಯದಲ್ಲಿ ಅವನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು, ಕೆಳಗೆ ನೆರೆದಿದ್ದ ಶೆಕೆಮಿನವರಿಗೆ ಕೇಳಿಸುವಂತೆ ಕೂಗಿ ಹೇಳಿದ ಮರಗಳ ಕಥೆ ನಮಗೆಲ್ಲ ಪರಿಚಿತವಾದದ್ದೇ. ಮರಗಳು ತಮಗೊಬ್ಬ ಅರಸನು ಬೇಕೆಂದು ಹೊರಟವು. ಎಣ್ಣೆಮರವು ತನ್ನ ಎಣ್ಣೆಯನ್ನೂ ಅಂಜೂರವು ತನ್ನ ಸಿಹಿಹಣ್ಣನ್ನೂ ದ್ರಾಕ್ಷಾಲತೆಯು ತನ್ನ ರಸವನ್ನೂ ಬಿಟ್ಟುಬರಲು ಒಪ್ಪಲಿಲ್ಲ. ಕೊನೆಗೆ ಮುಳ್ಳುಗಿಡವು ಒಪ್ಪಿತು. ನೆರಳೇ ಇಲ್ಲದ ಆ ಗಿಡವು ತನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ ಎಂದು ಮರಗಳನ್ನು ಕರೆಯಿತು, ಬಾರದಿದ್ದರೆ ತನ್ನಿಂದ ಹೊರಡುವ ಬೆಂಕಿ ಲೆಬನೋನಿನ ದೇವದಾರುಗಳನ್ನೂ ಸುಟ್ಟುಬಿಡುವುದೆಂದು ಹೆದರಿಸಿತು. ಆಮಂತ್ರಣವೂ ಬೆದರಿಕೆಯೂ ಒಂದೇ ಮಾತಿನಲ್ಲಿ ಬರುತ್ತವೆ. ಈ ಕಥೆಯ ನಂತರ ಬಂದ ಎಷ್ಟೋ ದೊಡ್ಡ ಕಾದಂಬರಿಗಳು ಸರ್ವಾಧಿಕಾರಿಯ ಭಾಷೆಯ ಬಗ್ಗೆ ಇದಕ್ಕಿಂತ ಹೆಚ್ಚಿನದನ್ನು ಹೇಳಿವೆಯೆಂದು ನಮಗೆ ತೋರುವುದಿಲ್ಲ.

ಆದರೆ ಕಥೆಯನ್ನು ಅದರ ಸುತ್ತಲಿನ ಚರಿತ್ರೆಯಿಂದ ಬೇರ್ಪಡಿಸಿ ಓದುವ ಅಭ್ಯಾಸವು ನಮ್ಮ ಪ್ರಸಂಗಗಳಲ್ಲಿ ಬಹಳವಾಗಿದೆ. ಅಬೀಮೆಲೆಕನು ಆಕಾಶದಿಂದ ಇಳಿದುಬಂದವನಲ್ಲ. ಅವನು ಮೊದಲು ಹೋದದ್ದು ತನ್ನ ತಾಯಿಯ ಅಣ್ಣತಮ್ಮಂದಿರ ಬಳಿಗೆ. ಅವನು ಬಳಸಿದ ವಾದವು ರಕ್ತಸಂಬಂಧದ ವಾದ. ಅವನಿಗೆ ದೊರೆತ ಮೊದಲ ಧನಸಹಾಯವು 70 ಬೆಳ್ಳಿನಾಣ್ಯಗಳು, ಮತ್ತು ಅದು ಬಂದದ್ದು ಬಾಳ್‌ಬೆರೀತನ ಗುಡಿಯ ಭಂಡಾರದಿಂದ. ಆ ಹಣದಿಂದ ಅವನು ಪುಂಡರನ್ನು ಕೂಲಿಗೆ ಹಿಡಿದು, ತನ್ನ ಸಹೋದರರನ್ನು ಒಫ್ರದಲ್ಲಿ ಒಂದೇ ಕಲ್ಲಿನ ಮೇಲೆ ಕೊಲ್ಲಿಸಿದನು. ಪಟ್ಟಾಭಿಷೇಕ ನಡೆದದ್ದು ಇದಾದ ಮೇಲೆ, ಇದು ಗೊತ್ತಿದ್ದ ಜನರಿಂದಲೇ. ಇನ್ನೂ ಹಿಂದಕ್ಕೆ ಹೋದರೆ, ಅರಸುತನ ತನಗೆ ಬೇಡ, ಯೆಹೋವನೇ ನಿಮ್ಮ ಅರಸನೆಂದು ಸರಿಯಾಗಿ ಉತ್ತರಿಸಿದ ಗಿದ್ಯೋನನೇ ಸುಲಿಗೆಯ ಬಂಗಾರದಿಂದ ಏಫೋದನ್ನು ಮಾಡಿಸಿ ತನ್ನ ಊರಿನಲ್ಲಿಟ್ಟನು. ಶೆಕೆಮಿನ ಉಪಪತ್ನಿಯಲ್ಲಿ ಹುಟ್ಟಿದ ಮಗನಿಗೆ ‘ನನ್ನ ತಂದೆ ಅರಸನು’ ಎಂಬರ್ಥದ ಹೆಸರು ಬಂತು. ಬಾಯಿಯಿಂದ ನಿರಾಕರಿಸಿದ ಅರಸುತನವು ಮನೆಯೊಳಗೆ ಹೆಸರಾಗಿ ಬೆಳೆಯಿತು. ಕಥೆಯನ್ನು ಹೇಳಿದ ಯೋತಾಮನಾದರೂ ಹೇಳಿ ಮುಗಿಸಿದೊಡನೆ ಬೇರಕ್ಕೆ ಓಡಿಹೋಗಿ ಅಡಗಿಕೊಂಡನು. ಈ ಓಟವನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬೇರೆ ವೇಷದಲ್ಲಿ ಮತ್ತೆ ಎದುರಾಗುತ್ತದೆ.

ಎಣ್ಣೆಮರ, ಅಂಜೂರ, ದ್ರಾಕ್ಷೆಗಳ ನಿರಾಕರಣೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದು ವ್ಯಾಖ್ಯಾನಕಾರರಲ್ಲಿ ಹಳೆಯ ವಿವಾದ. ಫಲಕೊಡುವವನಿಗೆ ಆಳುವ ಹಂಬಲವಿರುವುದಿಲ್ಲ, ಆದ್ದರಿಂದ ಅರಸುತನವೇ ನಿಷ್ಫಲವಾದ ಕಸಬು ಎಂದು ಕೆಲವರು ಓದುತ್ತಾರೆ. ಯೋಗ್ಯರು ಹೊಣೆಯನ್ನು ಒಲ್ಲೆನೆಂದದ್ದರಿಂದಲೇ ಮುಳ್ಳಿಗೆ ಸ್ಥಾನ ದೊರೆಯಿತೆಂದು ಇನ್ನು ಕೆಲವರು. ಮಾರ್ಟಿನ್ ಬೂಬರನು 1932ರಲ್ಲಿ ಪ್ರಕಟವಾದ ‘ದೇವರ ಅರಸುತನ’ ಎಂಬ ತನ್ನ ಗ್ರಂಥದಲ್ಲಿ ಮೊದಲನೆಯ ಪಕ್ಷವನ್ನು ಬಲವಾಗಿ ಹಿಡಿದನು. ಅರಸುತನದ ವಿರುದ್ಧ ಲೋಕಸಾಹಿತ್ಯದಲ್ಲಿರುವ ಕೃತಿಗಳಲ್ಲೆಲ್ಲ ಈ ಕಥೆಯೇ ಪ್ರಬಲವಾದದ್ದೆಂದು ಅವನ ಅಭಿಪ್ರಾಯ. ಆ ಗ್ರಂಥ ಅಚ್ಚಾದ ದೇಶವನ್ನೂ ವರ್ಷವನ್ನೂ ಗಮನಿಸಿದರೆ ವಿವಾದವು ಕೇವಲ ವ್ಯಾಖ್ಯಾನದ್ದಾಗಿ ಉಳಿಯುವುದಿಲ್ಲ.

ಏಕೆಂದರೆ ಜರ್ಮನಿಯಲ್ಲಿ ಮರಗಳು ಆಗ ಅರಸನನ್ನು ಹುಡುಕುತ್ತಿದ್ದವು. 1932ರ ಜುಲೈ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಶೇ. 37.3 ಮತಗಳು ಬಂದವು. ನವೆಂಬರಿನಲ್ಲಿ ಅದು ಶೇ. 33.1ಕ್ಕೆ ಇಳಿಯಿತು. ಇಳಿಯುತ್ತಿದ್ದವನನ್ನೇ ವೃದ್ಧ ಅಧ್ಯಕ್ಷ ಹಿಂಡೆನ್‌ಬುರ್ಗನು 1933ರ ಜನವರಿ 30ರಂದು ಪ್ರಧಾನಿಯಾಗಿ ನೇಮಿಸಿದನು. ಅವನನ್ನು ತಮ್ಮ ಹಿಡಿತದಲ್ಲಿಟ್ಟುಕೊಳ್ಳಬಹುದೆಂದು ಸುತ್ತಲಿದ್ದ ಸಂಪ್ರದಾಯವಾದಿಗಳು ನಂಬಿದ್ದರು. ಮಾರ್ಚ್ 21ರಂದು ಪೋಟ್ಸ್‌ಡಾಮಿನಲ್ಲಿ ಹೊಸ ಸಂಸತ್ತಿನ ಆರಂಭೋತ್ಸವ ನಡೆದಾಗ ಅಲ್ಲಿಯ ಪ್ರೊಟೆಸ್ಟಂಟ್ ಆರಾಧನೆಯಲ್ಲಿ ಪ್ರಸಂಗಮಾಡಿದ ಓಟ್ಟೊ ಡಿಬೇಲಿಯಸನು ಆರಿಸಿಕೊಂಡ ವಾಕ್ಯವು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದ 31ನೆಯ ವಚನ. ಎರಡು ದಿನಗಳ ನಂತರ ಸರ್ವಾಧಿಕಾರವನ್ನು ಒಪ್ಪಿಸಿಕೊಟ್ಟ ಶಾಸನವು 94ರ ವಿರುದ್ಧ 444 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದವರೆಲ್ಲ ಸೋಷಿಯಲ್ ಡೆಮಾಕ್ರಟರು. ಕಥೊಲಿಕರ ಸೆಂಟರ್ ಪಕ್ಷವು ಅದರ ಪರವಾಗಿ ಮತಕೊಟ್ಟಿತು, ಆ ಪಕ್ಷದ ನಾಯಕನಾದ ಲುಡ್ವಿಗ್ ಕಾಸನು ಅಭಿಷೇಕ ಹೊಂದಿದ ಗುರುವಾಗಿದ್ದನು. ಜುಲೈ 23ರ ಸಭಾಚುನಾವಣೆಗಳಲ್ಲಿ, ಹಿಂದಿನ ರಾತ್ರಿ ಹಿಟ್ಲರನೇ ಆಕಾಶವಾಣಿಯಲ್ಲಿ ಬೆಂಬಲ ಕೋರಿದ ಮೇಲೆ, ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡಕ್ಕೆ ಭಾರೀ ಬಹುಮತ ದೊರೆಯಿತು. ಗುಡಿಯ ಭಂಡಾರದಿಂದ ಹೊರಟ 70 ನಾಣ್ಯಗಳ ಮಾತು ಇಲ್ಲಿ ನೆನಪಾದರೆ ಅದು ನಮ್ಮ ಕಲ್ಪನೆಯ ತಪ್ಪಲ್ಲ.

ನೇರವಾಗಿ ಮಾತನಾಡಿದವರು ಇರಲಿಲ್ಲವೆಂದಲ್ಲ. ಫೆಬ್ರವರಿ 1ರಂದು, ಅಂದರೆ ನೇಮಕವಾಗಿ ಎರಡು ದಿನಗಳಾಗುವಷ್ಟರಲ್ಲಿ, 26 ವರ್ಷದ ಡೀಟ್ರಿಕ್ ಬೋನ್‌ಹೋಫರನು ಬರ್ಲಿನ್ ಆಕಾಶವಾಣಿಯಲ್ಲಿ ನಾಯಕತ್ವದ ಕುರಿತು ಭಾಷಣಮಾಡಿ, ತನ್ನನ್ನೇ ದೇವರನ್ನಾಗಿ ಮಾಡಿಕೊಳ್ಳುವ ನಾಯಕನು ದಾರಿತಪ್ಪಿಸುವವನಾಗುತ್ತಾನೆಂದು ಎಚ್ಚರಿಸಹೊರಟನು. ಮಾತು ಮುಗಿಯುವ ಮುನ್ನವೇ ಪ್ರಸಾರ ಕಡಿದುಹೋಯಿತು. ಇಂಥ ದೇಶದಲ್ಲಿ ಬರಹಗಾರನಿಗೆ ಉಳಿದದ್ದು ಯೋತಾಮನ ದಾರಿ.

ಆ ದಾರಿಯಲ್ಲಿ ನಡೆದ ಇಬ್ಬರನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಇಬ್ಬರ ಪುಸ್ತಕಗಳನ್ನೂ ಪ್ರಕಟಿಸಿದ್ದು ಹಾಂಬುರ್ಗಿನ ಒಂದೇ ಪ್ರಕಾಶನ ಸಂಸ್ಥೆಯೆಂಬುದೂ ಅದು ಬಲಪಂಥೀಯ ಒಲವಿನದಾಗಿತ್ತೆಂಬುದೂ ಗಮನಾರ್ಹ.

ರೀಗಾ ನಗರದಲ್ಲಿ 1892ರಲ್ಲಿ ಹುಟ್ಟಿದ ವೆರ್ನರ್ ಬೆರ್ಗೆನ್‌ಗ್ರೂನನು 1935ರಲ್ಲಿ ‘ಮಹಾನಿರಂಕುಶನೂ ನ್ಯಾಯತೀರ್ಪೂ’ ಎಂಬ ಕಾದಂಬರಿಯನ್ನು ಹೊರತಂದನು. ಅದನ್ನು ಬರೆಯಲು ತೊಡಗಿದ್ದು ಹಿಟ್ಲರನು ಅಧಿಕಾರಕ್ಕೆ ಬರುವುದಕ್ಕೆ ಮೊದಲೇ. ಕಥೆ ನಡೆಯುವುದು ಪುನರುಜ್ಜೀವನ ಕಾಲದ ಇಟಲಿಯ ಕಸ್ಸಾನೊ ಎಂಬ ಕಲ್ಪಿತ ನಗರರಾಜ್ಯದಲ್ಲಿ. ಅರಸನ ತೋಟದಲ್ಲಿ ಫ್ರಾ ಅಗೊಸ್ತಿನೊ ಎಂಬ ಸನ್ಯಾಸಿಯ ಕೊಲೆಯಾಗುತ್ತದೆ. ಕೊಲೆಗಾರನನ್ನು ಮೂರು ದಿನಗಳಲ್ಲಿ ಹಿಡಿಯದಿದ್ದರೆ ನಿನ್ನ ತಲೆಯೇ ಹೋಗುವುದೆಂದು ಮಹಾನಿರಂಕುಶನು ತನ್ನ ಕಾವಲಿನ ಅಧಿಕಾರಿ ನೆಸ್ಪೋಲಿಗೆ ಸೂಚಿಸುತ್ತಾನೆ. ಅಲ್ಲಿಂದ ಮುಂದೆ ಆ ಊರಿನಲ್ಲಿ ಯಾರೂ ಶುದ್ಧರಾಗಿ ಉಳಿಯುವುದಿಲ್ಲ. ಸತ್ತವರ ಮೇಲೆ ಅಪರಾಧ ಹೊರಿಸುತ್ತಾರೆ, ಪತ್ರಗಳನ್ನು ಸೃಷ್ಟಿಸುತ್ತಾರೆ, ಸಾಕ್ಷಿಗಳನ್ನು ಕೊಳ್ಳುತ್ತಾರೆ. ಪ್ರೀತಿಪಾತ್ರರನ್ನು ಉಳಿಸಲೆಂದೇ ಸುಳ್ಳು ಹೇಳುತ್ತಾರೆ. ಕೊನೆಗೆ ಸ್ಪೆರೋನೆ ಎಂಬ ಬಡ ಬಣ್ಣಗಾರನೊಬ್ಬನು, ಊರಿನ ಈ ಶಾಪವನ್ನು ತನ್ನ ಮೇಲೆ ತೆಗೆದುಕೊಳ್ಳಬೇಕೆಂದು, ತಾನು ಮಾಡದ ಕೊಲೆಯನ್ನು ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ. ಕೊಂದವನು ಮಹಾನಿರಂಕುಶನೇ, ಪ್ರಜೆಗಳನ್ನು ಪರೀಕ್ಷಿಸುವುದಕ್ಕಾಗಿ ಅವನು ಸತ್ಯವನ್ನು ಮುಚ್ಚಿಟ್ಟು ಈ ಆಟವನ್ನು ಹೂಡಿದ್ದನು. ದೋನ್ ಲೂಕಾ ಎಂಬ ಸಾಧಾರಣ ಗುರುವು ಅವನ ಮುಖದೆದುರಿಗೆ ಅವನ ಪಾಪಕ್ಕೆ ಹೆಸರು ಕೊಡುತ್ತಾನೆ: ಎಲ್ಲವನ್ನೂ ಬಲ್ಲ ನ್ಯಾಯಾಧಿಪತಿಯಾಗಿ ದೇವರ ಸ್ಥಾನದಲ್ಲಿ ಕುಳಿತುಕೊಳ್ಳಬೇಕೆಂಬ ಆಶೆ.

ಈ ಕೃತಿಗೆ ದೊರೆತ ಸ್ವಾಗತವೇ ನಮಗೆ ದೊಡ್ಡ ಪಾಠ. ನಾಜಿ ಪಕ್ಷದ ಪತ್ರಿಕೆಯು ಇದನ್ನು ಪುನರುಜ್ಜೀವನ ಕಾಲದ ಮಹಾನಾಯಕನ ಕಾದಂಬರಿಯೆಂದು ಹೊಗಳಿತು. ಅರಸನಿಗೆ ಘನತೆಯಿತ್ತು, ಬುದ್ಧಿಯಿತ್ತು, ಕೊನೆಗೆ ಪಶ್ಚಾತ್ತಾಪವೂ ಇತ್ತು. ಮುಳ್ಳುಗಿಡವು ತನ್ನನ್ನು ಇಲ್ಲಿ ದೇವದಾರುವಾಗಿ ಕಂಡುಕೊಂಡಿತು. ಬೆರ್ಗೆನ್‌ಗ್ರೂನನು 1936ರಲ್ಲಿ ಕಥೊಲಿಕ ಸಭೆಯನ್ನು ಸೇರಿದನು, 1937ರಲ್ಲಿ ಸರ್ಕಾರದ ಲೇಖಕರ ಮಂಡಳಿಯಿಂದ ಹೊರದೂಡಲ್ಪಟ್ಟನು. ಆದ್ದರಿಂದ ಲೇಖಕನ ನಿಲುವನ್ನು ನಾವು ಶಂಕಿಸುವುದಿಲ್ಲ. ಪಶ್ಚಾತ್ತಾಪಪಡುವ ಸರ್ವಾಧಿಕಾರಿಯನ್ನು ಚಿತ್ರಿಸುವುದು ಕ್ರೈಸ್ತ ಲೇಖಕನಿಗೆ ಅನಿವಾರ್ಯವಾದ ಪ್ರಲೋಭನೆಯೆಂದೇ ನಮ್ಮ ಅನಿಸಿಕೆ. ಯಾವ ಪಾಪಿಯೂ ಕೃಪೆಗೆ ಹೊರಗಲ್ಲವೆಂದು ಬೋಧಿಸುವವನು ಕಥೆಯ ಬಾಗಿಲನ್ನು ಮುಚ್ಚಲಾರನು. ಆದರೆ ಪಶ್ಚಾತ್ತಾಪವನ್ನು ಮೊದಲೇ ಬರೆದಿಟ್ಟ ಕಥೆಯನ್ನು ಓದಿದ ಅಧಿಪತಿಯು ತನಗೆ ಸಲ್ಲಬೇಕಾದ ಗೌರವವನ್ನು ಮಾತ್ರ ತೆಗೆದುಕೊಂಡು ಹೊರಟುಹೋದನು. ಕಾದಂಬರಿಯ ಬಲವಿರುವುದು ಬೇರೆಡೆ, ಭಯಗೊಂಡ ಸಾಮಾನ್ಯರು ಎಷ್ಟು ಬೇಗನೆ ಒಬ್ಬರನ್ನೊಬ್ಬರು ಮಾರುತ್ತಾರೆಂಬ ನಿರೂಪಣೆಯಲ್ಲಿ. ಗುಪ್ತವಾಗಿ ದೂರು ಕೊಡುವುದು ದಿನಬಳಕೆಯಾಗಿದ್ದ ಊರುಗಳಲ್ಲಿ ಕುಳಿತು ಅದನ್ನು ಓದಿದವರಿಗೆ ಕಸ್ಸಾನೊ ಎಲ್ಲಿದೆಯೆಂದು ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯವನು ಅರ್ನ್ಸ್ಟ್ ಯುಂಗರ್. ಅವನ ‘ಅಮೃತಶಿಲೆಯ ಬಂಡೆಗಳ ಮೇಲೆ’ ಎಂಬ ಕಿರುಕಾದಂಬರಿಯು 1939ರ ಶರತ್ಕಾಲದಲ್ಲಿ, ಯುದ್ಧವು ಆರಂಭವಾದಾಗ, ಹೊರಬಂತು. ಯುಂಗರನು ಸೌಮ್ಯ ಹಿನ್ನೆಲೆಯವನಲ್ಲ. ಮೊದಲನೆಯ ಮಹಾಯುದ್ಧದ ವೀರಪದಕ ಪಡೆದವನು, 1920ರ ದಶಕದಲ್ಲಿ ಗಣರಾಜ್ಯವನ್ನು ಹಳಿದು ಉಗ್ರ ರಾಷ್ಟ್ರೀಯತೆಯನ್ನು ಬರೆದವನು. ಮುಳ್ಳಿನ ಬೇಲಿಗೆ ನೀರೆರೆದ ಕೈಗಳಲ್ಲಿ ಅವನದೂ ಒಂದು. ಕಾದಂಬರಿಯೊಳಗೂ ಈ ಸಂಗತಿ ಮುಚ್ಚಿಲ್ಲ. ಕಥೆಗಾರನೂ ಅವನ ಸಹೋದರ ಓಥೋನೂ ಹಿಂದೆ ಮೌರಿಟಾನಿಯ ಎಂಬ ಅಧಿಕಾರೋಪಾಸಕ ಸಂಘದ ಸದಸ್ಯರಾಗಿದ್ದರು. ಅಲ್ಲಿಯೇ ಅವರು ‘ಮಹಾವನಪಾಲ’ನನ್ನು ಮೊದಲು ಕಂಡದ್ದು. ಈಗ ಅವರು ಬಂಡೆಗಳ ಮೇಲಿನ ಆಶ್ರಮದಲ್ಲಿ ಸಸ್ಯಶಾಸ್ತ್ರದಲ್ಲಿ ಮುಳುಗಿದ್ದಾರೆ. ಕೆಳಗೆ ದಕ್ಷಿಣಕ್ಕೆ ದ್ರಾಕ್ಷಾತೋಟಗಳ, ಪುರಾತನ ನಗರಗಳ ಮರೀನಾ. ಬೆನ್ನ ಹಿಂದೆ ದನಗಾಹಿಗಳ ಹುಲ್ಲುಗಾವಲು. ಅದರಾಚೆಗೆ ವನಪಾಲನ ಕಾಡು.

ಉದಯದ ಹೆಜ್ಜೆಗಳನ್ನು ಯುಂಗರನು ಗುರುತಿಸಿದ ರೀತಿಯು ಈ ಬಗೆಯ ಸಾಹಿತ್ಯದಲ್ಲಿ ಅಪೂರ್ವವಾದದ್ದು. ವನಪಾಲನು ಮರೀನಾದ ಮೇಲೆ ದಂಡೆತ್ತಿ ಬರುವುದಿಲ್ಲ. ಮೊದಲು ಬರುವುದು ಗಾಳಿಮಾತು. ಆಮೇಲೆ ಕಾಡಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹಿಂಸೆ. ಅದನ್ನು ಮಾಡಿದವರು ಯಾರೆಂದು ನಿಶ್ಚಯವಾಗಿ ಹೇಳುವಂತಿಲ್ಲ. ಭಯವನ್ನು ಅವನು ಔಷಧದಂತೆ ಸಣ್ಣ ಪ್ರಮಾಣದಲ್ಲಿ ಕೊಟ್ಟು ಕ್ರಮೇಣ ಹೆಚ್ಚಿಸುತ್ತಾನೆ, ಎದುರಿಸುವ ಶಕ್ತಿಯೇ ಮರಗಟ್ಟುವವರೆಗೆ. ಒಂದು ಕಡೆ ತನ್ನವರಿಂದಲೇ ಗಲಭೆ ಎಬ್ಬಿಸಿ, ಇನ್ನೊಂದು ಕಡೆ ಶಾಂತಿಪಾಲಕನಾಗಿ ಕಾಣಿಸಿಕೊಳ್ಳುತ್ತಾನೆ. ಕೂಲಿಪಡೆಯ ನಾಯಕ ಬೀಡೆನ್‌ಹೋರ್ನನು ಯಾರು ಗೆಲ್ಲುವರೋ ನೋಡೋಣವೆಂದು ಕುಳಿತಿದ್ದಾನೆ. ಯೋಗ್ಯರಾದವರ ಸಾವಿಗೆ ಮಾತ್ರ ಸಲ್ಲುತ್ತಿದ್ದ ಉನ್ನತ ಶೋಕಗೀತೆಗಳನ್ನು ಕವಿಗಳು ದುಷ್ಟರ ಉತ್ತರಕ್ರಿಯೆಯಲ್ಲಿಯೂ ಹಾಡತೊಡಗುತ್ತಾರೆ. ಈ ಒಂದು ವಿವರವು ನಮ್ಮನ್ನು ಬಹುಕಾಲ ಹಿಡಿದು ನಿಲ್ಲಿಸಿತು. ಉತ್ತರಕ್ರಿಯೆಯಲ್ಲಿ ಯಾರ ಬಗ್ಗೆ ಯಾವ ಮಾತನ್ನು ಆಡಬಹುದೆಂಬುದು ಸಭಾಪಾಲಕರಿಗೆ ದಿನನಿತ್ಯದ ಪ್ರಶ್ನೆ. ಒಂದು ನಾಡಿನ ಕುಸಿತವನ್ನು ಅಲ್ಲಿಯೇ ಮೊದಲು ಕೇಳಿಸಿಕೊಳ್ಳಬಹುದೆಂದು ಈ ಲೇಖಕನು ಸೂಚಿಸುತ್ತಾನೆ.

ಸಹೋದರರು ಅಪರೂಪದ ಕೆಂಪು ಕಾಡುಹೂವೊಂದನ್ನು ಹುಡುಕುತ್ತ ಕಾಡಿನೊಳಗೆ ಹೋದಾಗ ಕೊಪ್ಪೆಲ್ಸ್‌ಬ್ಲೇಕ್ ಎಂಬ ಬಯಲು ಎದುರಾಗುತ್ತದೆ. ಅಲ್ಲಿ ತಲೆಬುರುಡೆಗಳನ್ನು ಮೊಳೆಹೊಡೆದ ಕೊಟ್ಟಿಗೆ, ಚರ್ಮ ಸುಲಿಯುವ ಮೇಜು. ಡಖೌ ಶಿಬಿರವು 1933ರಿಂದಲೇ ನಡೆಯುತ್ತಿದ್ದ ದೇಶದಲ್ಲಿ ಇದು ಅಚ್ಚಾಯಿತು. ಅಧಿಕಾರಿಗಳಲ್ಲಿ ಕೆಲವರು ಅದನ್ನು ನಿಷೇಧಿಸಬೇಕೆಂದು ಒತ್ತಾಯಿಸಿದರೂ ಯುಂಗರನ ಮೈ ಮುಟ್ಟಲಿಲ್ಲ. ಯುದ್ಧವೀರನೆಂಬ ಕೀರ್ತಿ ಅವನನ್ನು ಕಾಪಾಡಿತು. ಮಹಾವನಪಾಲನು ಹಿಟ್ಲರನೇ ಎಂಬ ಸರಳ ಸಮೀಕರಣವನ್ನು ಅವನು ಕೊನೆಯವರೆಗೂ ಒಪ್ಪಲಿಲ್ಲ, ಆ ಉಡುಪು ಹಲವರ ಮೈಗೆ ಹೊಂದುತ್ತದೆಂಬುದು ಅವನ ವಾದ. ವಾದವು ಸರಿಯೇ. ಅದು ಅನುಕೂಲಕರವೂ ಆಗಿತ್ತು.

ಇಲ್ಲಿ ಧರ್ಮಸಭೆಯ ಪಾತ್ರವನ್ನು ವಹಿಸುವವನು ಪಾದ್ರಿ ಲಾಂಪ್ರೋಸ್. ಅವನು ಸಸ್ಯಗಳನ್ನು ಬಲ್ಲ ಮೌನಿ. ಬರಲಿರುವ ನಾಶವು ಅವನಿಗೆ ಗೊತ್ತಿದೆ, ಅವನು ಅದರ ಮುಂದೆ ಪ್ರಶಾಂತನಾಗಿದ್ದಾನೆ. ಉರಿಯುತ್ತಿರುವ ದೇವಾಲಯದೊಳಗೇ ಮಡಿಯುತ್ತಾನೆ. ವನಪಾಲನನ್ನು ಎದುರಿಸಹೊರಟ ಯುವರಾಜ ಸುನ್ಮೀರನ ತಲೆಯನ್ನು ಕಥೆಗಾರನು ಕಂಬದಿಂದ ಇಳಿಸಿ ತರುತ್ತಾನೆ. ಮುಂದೊಂದು ದಿನ ಮಹಾದೇವಾಲಯವನ್ನು ಮತ್ತೆ ಕಟ್ಟುವಾಗ ಅದನ್ನು ಅಸ್ತಿವಾರದಲ್ಲಿ ಇಡಲಾಯಿತೆಂದು ಕಥೆಗಾರನು ತಿಳಿಸುತ್ತಾನೆ. ಸಹೋದರರು ಮಾತ್ರ ಹಡಗು ಹತ್ತಿ ಆಲ್ಟ ಪ್ಲಾನ ಎಂಬ ಬೆಟ್ಟದ ನಾಡಿಗೆ ಪಾರಾಗುತ್ತಾರೆ. ಯೋತಾಮನು ಬೇರಕ್ಕೆ ಓಡಿದ್ದು ಇದೇ.

ಈ ಪಲಾಯನವನ್ನು ನಾವು ಹೇಗೆ ತೂಗಬೇಕು? ಥಾಮಸ್ ಮಾನ್‌ನು 1945ರಲ್ಲಿ ಅಮೆರಿಕದಿಂದ ಬರೆದ ಬಹಿರಂಗ ಪತ್ರದಲ್ಲಿ, ಆ 12 ವರ್ಷಗಳಲ್ಲಿ ಜರ್ಮನಿಯಲ್ಲಿ ಅಚ್ಚಾದ ಪುಸ್ತಕಗಳೆಲ್ಲಕ್ಕೂ ರಕ್ತದ, ನಾಚಿಕೆಯ ವಾಸನೆ ಅಂಟಿದೆಯೆಂದು ನಿರ್ದಾಕ್ಷಿಣ್ಯವಾಗಿ ಹೇಳಿದನು. ನಾವು ಅಷ್ಟು ದೂರ ಹೋಗಲಾರೆವು. ಆದರೆ ಯುಂಗರನಲ್ಲಿ ನಮಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ಮರೀನಾ ಹತ್ತಿ ಉರಿಯುವಾಗ ಕಥೆಗಾರನು ಬಂಡೆಯ ಮೇಲಿನಿಂದ ಆ ಬೆಂಕಿಯ ಸೊಬಗನ್ನು ನೋಡುತ್ತಾನೆ. ಕೂಗುಗಳು ಅವನವರೆಗೆ ತಲುಪುವುದಿಲ್ಲ. ಯೋತಾಮನೂ ಬೆಟ್ಟದ ಮೇಲೆ ನಿಂತವನೇ, ಆದರೆ ಕೆಳಗಿನವರಿಗೆ ಕೇಳಿಸಬೇಕೆಂದು ಕೂಗಿದನು, ಹತರಾದ ಸಹೋದರರ ಲೆಕ್ಕವನ್ನು ಶೆಕೆಮಿನವರ ಮುಂದಿಟ್ಟನು, ತನ್ನ ಕಥೆಯ ಅರ್ಥವನ್ನು ತಾನೇ ಬಿಡಿಸಿ ಹೇಳಿದನು. ಓಡುವುದಕ್ಕೆ ಮೊದಲು ಅವನು ಹೇಳಬೇಕಾದದ್ದನ್ನು ಹೆಸರುಹಿಡಿದು ಹೇಳಿ ಮುಗಿಸಿದ್ದನು. ಯುಂಗರನ ಮಗ ಎರ್ನ್ಸ್ಟೆಲ್ ಮರೆಯಿಲ್ಲದೆ ಮಾತನಾಡಿದನು; ಆಡಳಿತವನ್ನು ಟೀಕಿಸಿದ್ದಕ್ಕಾಗಿ 1944ರಲ್ಲಿ ಸೆರೆಯಾದನು, ಅಲ್ಲಿಂದ ಯುದ್ಧರಂಗಕ್ಕೆ ಹೋಗಿ ಅದೇ ನವೆಂಬರಿನಲ್ಲಿ ಇಟಲಿಯ ಕರಾರದ ಬಳಿ ಸತ್ತನು. ಕರಾರವು ಅಮೃತಶಿಲೆಯ ಬೆಟ್ಟಗಳಿಗೆ ಪ್ರಸಿದ್ಧವಾದ ಊರು. ತಂದೆಯು 1996ರಲ್ಲಿ, ನೂರು ವರ್ಷ ದಾಟಿದ ಮೇಲೆ, ಕಥೊಲಿಕ ಸಭೆಯನ್ನು ಸೇರಿದನು.

ಜಾರ್ಜ್ ಆರ್ವೆಲ್ಲನ ‘ಆನಿಮಲ್ ಫಾರ್ಮ್’ ಕೃತಿಯನ್ನು ಬಹುಮಂದಿ ಓದುಗರು ಶಾಲಾಕಾಲೇಜುಗಳಲ್ಲಿಯೇ ಓದಿರುವುದರಿಂದ ಅದರ ಕಥೆಯನ್ನು ವಿಸ್ತರಿಸುವುದಿಲ್ಲ. ಹಾಲೂ ಸೇಬುಹಣ್ಣುಗಳೂ ಹಂದಿಗಳ ಪಾಲಾದ ಗಳಿಗೆಯೇ ಕಥೆಯ ತಿರುವು ಎಂದು ಆರ್ವೆಲ್ಲನೇ ಒಬ್ಬ ಮಿತ್ರನಿಗೆ ಬರೆದನು. ಉಳಿದ ಪ್ರಾಣಿಗಳು ಆಗಲೇ ಗಟ್ಟಿಯಾಗಿ ನಿಂತಿದ್ದರೆ ಸಾಕಾಗಿತ್ತೆಂಬುದು ಅವನ ಮತ. ನಮ್ಮ ವಿಷಯಕ್ಕೆ ಬೇಕಾದದ್ದು ಅದರಲ್ಲಿ ಬರುವ ಕಾಗೆ. ಅದರ ಹೆಸರು ಮೋಶೆ. ಹಳೆಯ ಯಜಮಾನನು ಬಿಯರಿನಲ್ಲಿ ನೆನೆಸಿದ ರೊಟ್ಟಿ ಕೊಟ್ಟು ಸಾಕಿದ ಈ ಕಾಗೆಯು ಸತ್ತ ಪ್ರಾಣಿಗಳು ಹೋಗುವ ಸಕ್ಕರೆಬೆಟ್ಟದ ಕಥೆ ಹೇಳುತ್ತದೆ. ಕ್ರಾಂತಿಯಾದಾಗ ಅದು ಹಾರಿಹೋಗುತ್ತದೆ. ವರ್ಷಗಳ ನಂತರ, ಹಂದಿಗಳ ಆಳ್ವಿಕೆ ಭದ್ರವಾದ ಮೇಲೆ, ಮರಳಿಬರುತ್ತದೆ. ಅದರ ಮಾತೆಲ್ಲ ಸುಳ್ಳೆಂದು ಹಂದಿಗಳು ಹೀಯಾಳಿಸುತ್ತವೆ, ಆದರೂ ದಿನಕ್ಕಿಷ್ಟು ಬಿಯರ್ ಕೊಟ್ಟು ಇರಗೊಡುತ್ತವೆ.

ಆರ್ವೆಲ್ಲನು ಇದನ್ನು ಬರೆದದ್ದು 1943ರ ನವೆಂಬರಿನಿಂದ 1944ರ ಫೆಬ್ರವರಿಯವರೆಗೆ. ಅದಕ್ಕೆ ಎರಡೇ ತಿಂಗಳ ಹಿಂದೆ, ಸೆಪ್ಟೆಂಬರ್ 4ರ ರಾತ್ರಿ, ಸ್ಟಾಲಿನನು ಸೆರ್ಗಿ, ಅಲೆಕ್ಸಿ, ನಿಕೊಲಾಯ್ ಎಂಬ ಮೂವರು ಮಹಾಧ್ಯಕ್ಷರನ್ನು ಕ್ರೆಮ್ಲಿನಿಗೆ ಕರೆಸಿಕೊಂಡನು. ನಾಲ್ಕು ದಿನಗಳಲ್ಲಿ ಸಭಾಪರಿಷತ್ತು ಕೂಡಿ ಸೆರ್ಗಿಯನ್ನು ಪಿತೃಪ್ರಧಾನನನ್ನಾಗಿ ಆರಿಸಿತು. ತೀಹೊನನು 1925ರಲ್ಲಿ ತೀರಿಕೊಂಡಂದಿನಿಂದ ಆ ಪೀಠ ಬರಿದಾಗಿತ್ತು. ನಡುವಿನ ವರ್ಷಗಳಲ್ಲಿ ಎಷ್ಟೋ ಸಾವಿರ ಗುರುಗಳು ಕೊಲೆಗೀಡಾಗಿದ್ದರು. ಇದನ್ನು ನೆನೆದಾಗ ಆರ್ವೆಲ್ಲನ ಕಾಗೆ ನಮಗೆ ನ್ಯಾಯವಾದ ಚಿತ್ರವೆಂದು ತೋರುವುದಿಲ್ಲ, ಏಕೆಂದರೆ ಅವನ ಕಥೆಯಲ್ಲಿ ರಕ್ತಸಾಕ್ಷಿಯಾದ ಕಾಗೆಯೇ ಇಲ್ಲ. ಆದರೆ ಮರಳಿ ಕರೆಯಲ್ಪಟ್ಟ ಸಭೆಗೆ ಅಳತೆಯಿಂದ ಸುರಿದುಕೊಟ್ಟ ಪಾನವನ್ನು ಅವನು ಸರಿಯಾಗಿಯೇ ಕಂಡನು. ಜನರನ್ನು ಐಗುಪ್ತದಿಂದ ಬಿಡಿಸಿದವನ ಹೆಸರನ್ನೇ ಆ ಕಾಗೆಗೆ ಇಟ್ಟ ವ್ಯಂಗ್ಯವು ಕ್ರೈಸ್ತ ಓದುಗನಿಗೆ ಚುಚ್ಚಲೇಬೇಕು.

ಹಸ್ತಪ್ರತಿಯನ್ನು ಹಿಂದಿರುಗಿಸಿದ ಪ್ರಕಾಶಕರಲ್ಲಿ ಫೇಬರ್ ಸಂಸ್ಥೆಯ ಪರವಾಗಿ ಪತ್ರ ಬರೆದವನು ಕವಿ ಟಿ. ಎಸ್. ಎಲಿಯಟ್, ಆ ಕಾಲದ ಹೆಸರಾಂತ ಆಂಗ್ಲಿಕನ್ ಲೇಖಕ. ಹಂದಿಗಳೇ ಎಲ್ಲರಿಗಿಂತ ಬುದ್ಧಿಶಾಲಿಗಳಾದ್ದರಿಂದ ತೋಟವನ್ನಾಳಲು ಅವೇ ತಕ್ಕವು. ಬೇಕಾಗಿದ್ದದ್ದು ಸಾರ್ವಜನಿಕ ಹಿತಬುದ್ಧಿಯುಳ್ಳ ಹಂದಿಗಳು ಎಂಬರ್ಥದ ಮಾತು 1944ರ ಆ ಪತ್ರದಲ್ಲಿದೆ. ಎಣ್ಣೆಮರದ ಉತ್ತರಕ್ಕಿಂತಲೂ ವಿಚಿತ್ರವಾದ ಉತ್ತರವಿದು. ಮುಳ್ಳು ಸ್ವಲ್ಪ ಮೃದುವಾಗಿದ್ದರೆ ಸಾಕೆಂದು ವಾದಿಸುವವರು ಪ್ರತಿ ಕಾಲದಲ್ಲಿಯೂ ಸಭೆಯ ಒಳಗೇ ಇರುತ್ತಾರೆ, ಅವರು ಬಹುಮಟ್ಟಿಗೆ ಸಜ್ಜನರೂ ವಿದ್ವಾಂಸರೂ ಆಗಿರುತ್ತಾರೆ.

ಪುಸ್ತಕವು ಕೊನೆಗೆ 1945ರ ಆಗಸ್ಟಿನಲ್ಲಿ ಸೆಕರ್ ಅಂಡ್ ವಾರ್ಬರ್ಗ್ ಸಂಸ್ಥೆಯಿಂದ ಹೊರಬಂತು. ಎರಡು ವರ್ಷಗಳ ನಂತರ ಅದರ ಉಕ್ರೇನಿ ಭಾಷಾಂತರವು ಮ್ಯೂನಿಕ್ಕಿನಲ್ಲಿ ಅಚ್ಚಾಯಿತು. ಸ್ಟಾಲಿನನ ನಾಡಿನಿಂದ ಹೊರಬಿದ್ದು, ಹಿಟ್ಲರನ ನಾಡಿನ ಅವಶೇಷಗಳ ನಡುವೆ ನಿರಾಶ್ರಿತರ ಶಿಬಿರಗಳಲ್ಲಿ ದಿನ ಕಳೆಯುತ್ತಿದ್ದ ಉಕ್ರೇನಿಯನರಿಗಾಗಿ ಅದು ಸಿದ್ಧವಾದದ್ದು. ಆರ್ವೆಲ್ಲನು ಅದಕ್ಕೆಂದೇ ಮುನ್ನುಡಿ ಬರೆದುಕೊಟ್ಟನು. ಪ್ರತಿಗಳಲ್ಲಿ ಒಂದು ಪಾಲು ಶಿಬಿರಗಳನ್ನು ತಲುಪಿತು. ಉಳಿದವನ್ನು ಅಮೆರಿಕದ ಸೈನ್ಯಾಧಿಕಾರಿಗಳು ಮುಟ್ಟುಗೋಲು ಹಾಕಿಕೊಂಡು ಸೋವಿಯೆತ್ ಅಧಿಕಾರಿಗಳ ಕೈಗೆ ಒಪ್ಪಿಸಿದರು.